ಸ್ಮಾರ್ಟ್ ಟಿವಿ ಆಮೇಲೆ ನೋಡೋಣ, ಮೊದಲು ಒಬ್ಬ ಅಕ್ಕ ಬೇಕು

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕನ್ನಡ ಪಾಠದ ಒಂದು ಪ್ಯಾರಾ ಓದಲು ತಡವರಿಸುತ್ತಾನೆ ಅಂದರೆ ಅದು ಆ ಒಂದು ವರ್ಷದ ಕಥೆಯಲ್ಲ. ನಾಲ್ಕನೇ ಕ್ಲಾಸಿನಲ್ಲಿ ಅವನಿಗೆ ಒತ್ತಕ್ಷರ ಹತ್ತಿರಲಿಲ್ಲ. ಒಂದನೇ ಕ್ಲಾಸಿಗೆ ಬಂದಾಗ ಟೀಚರ್ ಆಡುತ್ತಿದ್ದ ಮಾತೇ ಅರ್ಧ ತಿಳಿಯುತ್ತಿರಲಿಲ್ಲ. ಅದಕ್ಕೂ ಮೊದಲು, ಮೂರರಿಂದ ಆರು ವರ್ಷದ ನಡುವೆ, ಅವನ ಪಕ್ಕ ಕೂತು ಕಥೆ ಹೇಳುವವರು, "ಆಮೇಲೆ ಎಂತಾಯ್ತು?" ಅಂತ ಕೇಳುವವರು ಸಿಕ್ಕಿರಲಿಲ್ಲ. ಅಪ್ಪ ಅಮ್ಮ ಬೆಳಗ್ಗೆಯೇ ತೋಟದ ಕೆಲಸಕ್ಕೆ ಹೋಗಿರುತ್ತಿದ್ದರು.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೆಲಸದಲ್ಲಿರುವ ನಾವು "ಊರಿನ ಶಾಲೆಗೆ ಏನಾದ್ರೂ ಮಾಡ್ಬೇಕು ಮಾರ್ರೆ" ಅಂತ ಹೊರಟಾಗ ಈ ಒಬ್ಬ ಹುಡುಗ ಎರಡು ಕಡತಗಳಾಗುತ್ತಾನೆ. ಅಂಗನವಾಡಿಗೆ ಗೋಡೆ ಬಣ್ಣ, ಆನೆ ಜಿರಾಫೆ ಚಿತ್ರ, ಪ್ಲಾಸ್ಟಿಕ್ ಜಾರುಬಂಡಿ ಒಂದು ಕಡತ. ಹತ್ತನೇ ಕ್ಲಾಸಿಗೆ ಗೈಡು, ಮಾದರಿ ಪ್ರಶ್ನೆಪತ್ರಿಕೆ, ಒಂದು ದಿನದ 'ಪರೀಕ್ಷಾ ಭಯ ನಿವಾರಣೆ' ಭಾಷಣ ಇನ್ನೊಂದು ಕಡತ. ನಡುವಿನ ಹತ್ತು ವರ್ಷ ಯಾರ ಲೆಕ್ಕದಲ್ಲೂ ಇಲ್ಲ.

ಗೇಟಿನ ಆಚೆ, ಈಚೆ

ನನ್ನೂರು ಸಂಪಾಜೆ. ಮಂಗಳೂರು–ಮಡಿಕೇರಿ ಬಸ್ಸಿನಲ್ಲಿ ಹೋದವರಿಗೆ ಗೊತ್ತು: ಸುಳ್ಯ, ಅರಂತೋಡು, ಕಲ್ಲುಗುಂಡಿ ದಾಟಿ, ಪಯಸ್ವಿನಿ ಹೊಳೆಯ ಜೊತೆಜೊತೆಗೇ ಬಂದು, ಘಾಟಿ ಏರುವ ಮೊದಲು ಸಿಗುವ ಊರು. ಕೊಡಗು ಅಂದ ಕೂಡಲೇ ಕಾಫಿ, ಕಿತ್ತಳೆ, ಹೋಂಸ್ಟೇ ನೆನಪಾಗುವವರಿಗೆ ಇದು ಕೊಡಗಿನ ಹಾಗೆ ಕಾಣುವುದೇ ಇಲ್ಲ. ಇಲ್ಲಿ ಅಡಿಕೆ, ರಬ್ಬರ್, ಸೆಕೆ.

ಸಂಪಾಜೆ ಅಂತ ಎರಡು ಊರಿದೆ. ಒಂದು ಕೊಡಗಿನ ಮಡಿಕೇರಿ ತಾಲೂಕಿಗೆ ಸೇರಿದ್ದು, ಇನ್ನೊಂದು ದಕ್ಷಿಣ ಕನ್ನಡದ ಸುಳ್ಯ ತಾಲೂಕಿಗೆ. 1956ರ ನವೆಂಬರ್ 1ರವರೆಗೆ ಇದು ರಾಜ್ಯಗಳ ನಡುವಿನ ಗಡಿಯೇ ಆಗಿತ್ತು. ಆ ಕಡೆ ಮದರಾಸು, ಈ ಕಡೆ ಕೊಡಗು. ಈಗ ಬರೀ ಜಿಲ್ಲೆಯ ಗಡಿ. ಮದುವೆ, ಜಾತ್ರೆ, ಅಡಿಕೆ ವ್ಯಾಪಾರಕ್ಕೆ ಈ ಗೆರೆ ಲೆಕ್ಕಕ್ಕಿಲ್ಲ. ಸರ್ಕಾರಿ ಕಡತಕ್ಕೆ ಮಾತ್ರ ಬಹಳ ಲೆಕ್ಕಕ್ಕಿದೆ.

ಇಲ್ಲಿನ ಅಂಗನವಾಡಿಗೆ ಬರುವ ಮಗು ಯಾವ ಭಾಷೆ ಹೊತ್ತು ತರುತ್ತದೆ ನೋಡಿ. ಗೌಡರ ಮನೆಯಲ್ಲಿ ಅರೆಭಾಷೆ. ಉಳಿದ ಹಲವರಲ್ಲಿ ತುಳು. ಮಲಯಾಳ, ಬ್ಯಾರಿ ಮಾತಿನ ಮನೆಗಳೂ ಇವೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ನಿಂತ ಕುಟುಂಬಗಳದ್ದು ತಮಿಳು. ಈಚೆಗೆ ಕೊಡಗಿನ ತೋಟಗಳಿಗೆ ಅಸ್ಸಾಮಿನಿಂದ ಬಂದ ಕಾರ್ಮಿಕರ ಮಕ್ಕಳದ್ದು ಇನ್ನೊಂದೇ ಮಾತು. ಪುಸ್ತಕದಲ್ಲಿ 'ಹುಡುಗಿ' ಅಂತ ಇದ್ದರೆ ಒಂದು ಮಗುವಿಗೆ ಅದು 'ಗೂಡೆ', ಪಕ್ಕದ ಮಗುವಿಗೆ 'ಪೊಣ್ಣು'. ಟೀಚರ್ ಚಿತ್ರ ತೋರಿಸಿ ಮೂರು ಭಾಷೆಯಲ್ಲಿ ಹೇಳಿ, ಆಮೇಲೆ ಕನ್ನಡಕ್ಕೆ ಬಂದರೆ ಮಗು ಹಿಡಿದುಕೊಳ್ಳುತ್ತದೆ. ಅಷ್ಟಕ್ಕೆ ಸಮಯ ಬೇಕು. ಗೋಡೆಯ ಮೇಲಿನ ಜಿರಾಫೆ ಆ ಕೆಲಸ ಮಾಡುವುದಿಲ್ಲ.

ಮಳೆಯದ್ದೂ ಒಂದು ಪಾಲು ಇದೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಮನೆ ಬಿಟ್ಟು ಇಳಿದು ಬಂದವರು ಪರಿಹಾರ ಕೇಂದ್ರ ಸೇರಿದರು. 2022ರ ಜೂನ್–ಜುಲೈಯಲ್ಲಿ ಸಂಪಾಜೆ, ಚೆಂಬು ಸುತ್ತ ಭೂಮಿ ಮತ್ತೆ ಮತ್ತೆ ನಡುಗಿತು, ಆಗಸ್ಟಿನಲ್ಲಿ ಕಲ್ಲುಗುಂಡಿಗೆ ಹೊಳೆ ನುಗ್ಗಿತು. ನಡುವೆ ಕೋವಿಡ್. 2025–26ರಲ್ಲಿ ಒಂಬತ್ತು, ಹತ್ತರಲ್ಲಿ ಕೂತ ಮಕ್ಕಳು 2018ರಲ್ಲಿ ಎರಡು, ಮೂರನೇ ಕ್ಲಾಸು. ಶಾಲೆಗಳು ಮುಚ್ಚಿದ್ದ 2020–21ರಲ್ಲಿ ನಾಲ್ಕು, ಐದು. ಓದು ಕೈಗೆ ಹತ್ತಬೇಕಾದ ವಯಸ್ಸು ಸರಿಯಾಗಿ ಇದೇ. ಅದರ ಮೇಲೆ ಪ್ರತಿ ವರ್ಷದ ಮಳೆ ರಜೆ ಬೇರೆ.

ಟೀಚರ್ ಒಬ್ಬರೇ, ಕೆಲಸ ಹತ್ತು

ಐಸಿಡಿಎಸ್, ಅಂದರೆ ನಾವು ಅಂಗನವಾಡಿ ಎಂದು ಕರೆಯುವ ವ್ಯವಸ್ಥೆ, 1975ರ ಅಕ್ಟೋಬರ್ 2ರಂದು ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ, 100 ಕೇಂದ್ರಗಳೊಂದಿಗೆ. ಇವತ್ತು ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಕೇಂದ್ರಗಳಿವೆ. ಇಷ್ಟು ಸಣ್ಣ ಮಕ್ಕಳಿಗೆ ಇಷ್ಟು ಹತ್ತಿರ, ನಡೆದು ಹೋಗುವಷ್ಟು ದೂರದಲ್ಲಿ, ಬೇರೆ ಯಾವ ವ್ಯವಸ್ಥೆಯೂ ಇಲ್ಲ. 'ಚಿಲಿಪಿಲಿ' ಎಂಬ ಹೆಸರಿನ ಆಟ–ಪಾಠದ ಪಠ್ಯಕ್ರಮವೂ ಇದೆ. ಹಾಡು, ಕಥೆ, ಬಣ್ಣ, ಎಲೆ–ಹೂವು ಎಲ್ಲ ಬರುವಂಥದ್ದು. ಕಾಗದದ ಮೇಲೆ ಕೊರತೆ ಇಲ್ಲ.

ಕೊರತೆ ಇರುವುದು ಗಂಟೆಗಳದ್ದು. ಒಬ್ಬರು ಕಾರ್ಯಕರ್ತೆ, ಒಬ್ಬರು ಸಹಾಯಕಿ. ಸಹಾಯಕಿ ಅಡುಗೆ, ಶುಚಿ, ಮಕ್ಕಳನ್ನು ಕರೆತರುವುದರಲ್ಲಿ ಇರುತ್ತಾರೆ. ಟೀಚರ್ ಮಗುವಿನ ತೂಕ ನೋಡಬೇಕು, ಮೊಬೈಲ್ ಆ್ಯಪಿನಲ್ಲಿ ತುಂಬಿಸಬೇಕು, ಗರ್ಭಿಣಿ ಬಾಣಂತಿಯರ ಲೆಕ್ಕ ಇಡಬೇಕು, ಮನೆ ಭೇಟಿ ಮಾಡಬೇಕು. ಸಮೀಕ್ಷೆ ಬಂದರೆ ಅವರೇ, ಮತದಾರರ ಪಟ್ಟಿಗೂ ಬಹಳ ಕಡೆ ಅವರೇ. ನಮ್ಮೂರಿನ ಟೀಚರ್ ಒಬ್ಬರು ನಗುತ್ತಲೇ ಹೇಳಿದ್ದು: "ಕಥೆ ಹೇಳ್ಲಿಕ್ಕೆ ಶುರು ಮಾಡಿದ್ರೆ ಕಾಗೆ ನೀರಿನ ಹತ್ರ ಬರುವಷ್ಟರಲ್ಲಿ ಫೋನ್ ಬರ್ತದೆ."

ಇಷ್ಟೆಲ್ಲ ಮಾಡಿದ್ದಕ್ಕೆ ಸಿಗುವುದಕ್ಕೆ ಇವತ್ತಿಗೂ 'ಗೌರವಧನ' ಅಂತಲೇ ಹೆಸರು, ಸಂಬಳ ಅಲ್ಲ. ಇವರಿಗೂ ಗ್ರಾಚ್ಯುಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ, ಯೋಜನೆ ಹುಟ್ಟಿ 46 ವರ್ಷ ಕಳೆದ ಮೇಲೆ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಮಾತು ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಮಕ್ಕಳು ಅಲ್ಲಿಗೆ ಹೋದರೆ ಇಲ್ಲಿ ಉಳಿಯುವುದು ಅಡುಗೆ ಮತ್ತು ರಿಜಿಸ್ಟರ್ ಮಾತ್ರ.

ಮೂರು ವರ್ಷದೊಳಗಿನ ಮಕ್ಕಳ ಪಾಡು ಇನ್ನೂ ಬಿಗಿ. 1951ರ ತೋಟ ಕಾರ್ಮಿಕರ ಕಾಯ್ದೆ, 50 ಮಹಿಳಾ ಕಾರ್ಮಿಕರಿದ್ದರೆ ಅಥವಾ ಅವರ ಮಕ್ಕಳು 20 ಇದ್ದರೆ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂದಿತ್ತು. ಕೊಡಗು, ಸುಳ್ಯದ ಸಣ್ಣ ಹಿಡುವಳಿಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. 2023ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ 'ಕೂಸಿನ ಮನೆ' ಈ ಕಂದಕಕ್ಕೆ ಹಾಕಿದ ಒಂದು ಪಾಲ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ತರಬೇತಿ ಪಡೆದ ಊರಿನ ಹೆಂಗಸರೇ ನೋಡಿಕೊಳ್ಳುವ ಏರ್ಪಾಡು ಇದು. ನನಗೆ ಇದರಲ್ಲಿ ಇಷ್ಟವಾದದ್ದು, ಯೋಜನೆಯ ನಡುವೆ ವಸ್ತು ಇಲ್ಲ, ಮನುಷ್ಯರಿದ್ದಾರೆ.

ಮುಂಬೈಯ ಬಾಲಸಖಿ

ನಗರಗಳು ಈ ಕೆಲಸವನ್ನು ಹೇಗೆ ಮಾಡಿ ನೋಡಿವೆ? 1990ರ ದಶಕದ ನಡುವಿನಲ್ಲಿ ಮುಂಬೈ ಕೊಳೆಗೇರಿಗಳಲ್ಲಿ ಬಾಲವಾಡಿ ನಡೆಸಲು ಹುಟ್ಟಿದ ಸಂಸ್ಥೆ ಪ್ರಥಮ್. ಅದೇ ಬಳಗದಿಂದ 2000ದಲ್ಲಿ ಬೆಂಗಳೂರಿಗೆ ಅಕ್ಷರ ಫೌಂಡೇಶನ್ ಬಂತು. ಬಾಲವಾಡಿ, ಶಾಲಾ ಗ್ರಂಥಾಲಯ, ಶಾಲೆ ಬಿಟ್ಟವರಿಗೆ ಸೇತುಬಂಧ ಹೀಗೆ ಸರ್ಕಾರಿ ವ್ಯವಸ್ಥೆಯ ಜೊತೆಗೇ ಕೆಲಸ ಮಾಡಿತು. ಈಗ ಅವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಸುವ ಗಣಿತ ಸ್ಪರ್ಧೆ ನಿಮ್ಮೂರಿಗೂ ಬಂದಿರಬಹುದು.

ಪ್ರಥಮ್ ಮುಂಬೈ ಮತ್ತು ವಡೋದರಾದಲ್ಲಿ ನಗರಪಾಲಿಕೆಗಳ ಜೊತೆ ಸೇರಿ 'ಬಾಲಸಖಿ' ಅಂತ ಒಂದು ಕೆಲಸ ಮಾಡಿತು. ಅದೇ ಬಡಾವಣೆಯ, ಶಾಲೆ ಓದು ಮುಗಿಸಿದ ಹುಡುಗಿ. ಮೂರು, ನಾಲ್ಕನೇ ಕ್ಲಾಸಿನಲ್ಲಿ ಹಿಂದೆ ಬಿದ್ದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಪಠ್ಯಪುಸ್ತಕ ಬದಿಗಿಟ್ಟು, ಮಗು ಎಲ್ಲಿದೆಯೋ ಅಲ್ಲಿಂದ ಶುರು ಮಾಡುವುದು ಅವಳ ಕೆಲಸ. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ಇದನ್ನು ಅಳೆದರು. ಮಕ್ಕಳು ಕಲಿತರು, ಅದರಲ್ಲೂ ಕೊನೆಯ ಬೆಂಚಿನವರು ಹೆಚ್ಚು ಕಲಿತರು.

ವಡೋದರಾದಲ್ಲೇ ಕಂಪ್ಯೂಟರ್ ಆಟದ ಮೂಲಕ ಗಣಿತವನ್ನೂ ಪರೀಕ್ಷಿಸಿದ್ದರು. ಅದೂ ಚೆನ್ನಾಗಿಯೇ ಕೆಲಸ ಮಾಡಿತು, ಗಣಿತದಲ್ಲಿ ಮಾತ್ರ. ಹಾಗಾಗಿ ಯಂತ್ರ ವ್ಯರ್ಥ ಅಂತ ನಾನು ಹೇಳುತ್ತಿಲ್ಲ. ಮಗುವಿನ ಮಟ್ಟಕ್ಕೆ ತಕ್ಕ ಆಟ, ವಾರಕ್ಕೆ ಎರಡು ಗಂಟೆ, ನೋಡಿಕೊಳ್ಳಲು ಒಬ್ಬರು ಇದ್ದಾಗ ಅದು ಉಪಯೋಗವಾಯಿತು. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಕಾರ್ಯಕ್ರಮ ನಿಂತು ಒಂದು ವರ್ಷದ ಮೇಲೆ ನೋಡಿದರೆ ಗಳಿಸಿದ್ದರಲ್ಲಿ ಹೆಚ್ಚಿನದು ಕರಗಿತ್ತು. ಅಂದರೆ, ಒಂದು ವರ್ಷ ಮಾಡಿ ಫೋಟೋ ತೆಗೆದು ಬರುವ ಕೆಲಸ ಇದಲ್ಲ.

ಬಿಹಾರದ ಪ್ರಯೋಗ ನಮಗೆ ಇನ್ನೂ ಹತ್ತಿರ. ಅಲ್ಲಿ ಕೆಲವು ಶಾಲೆಗೆ ಬರೀ ಕಲಿಕಾ ಸಾಮಗ್ರಿ ಕೊಟ್ಟರು. ಕೆಲವಕ್ಕೆ ಸಾಮಗ್ರಿ ಜೊತೆ ಶಿಕ್ಷಕರಿಗೆ ತರಬೇತಿ. ಕೆಲವಕ್ಕೆ ಇವೆರಡರ ಜೊತೆ ಊರಿನ ಸ್ವಯಂಸೇವಕರು. ಮೊದಲಿನ ಎರಡರಿಂದ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಮೂರನೆಯದರಲ್ಲಿ ಮಕ್ಕಳು ಓದಲು ಕಲಿತರು. ಹರಿಯಾಣದಲ್ಲಿ ಸರ್ಕಾರಿ ಶಿಕ್ಷಕರೇ ಮಾಡಿದರು. ದಿನದಲ್ಲಿ ಒಂದು ಗಂಟೆಯನ್ನು ಇದಕ್ಕೇ ಅಂತ ಎತ್ತಿಟ್ಟು, ಮೇಲಿನವರು ಬಂದು ನೋಡಿ ಬೆಂಬಲಿಸಿದಾಗ ಅದೂ ಫಲ ಕೊಟ್ಟಿತು.

ಇದೆಲ್ಲ ಹೊರಗಿನದು ಅಂತೀರಾ? ನಮ್ಮಲ್ಲೇ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಾವೇ ಕಾರ್ಡು ಬರೆದು 'ನಲಿ ಕಲಿ' ಕಟ್ಟಿದರು. ಮಗು ತನ್ನ ಮೆಟ್ಟಿಲಿನಲ್ಲಿ ತಾನು ಹತ್ತುವ ಕ್ರಮ. 2009–10ರಲ್ಲಿ ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ಅದು ಬಂತು. ಹೊರಗಿನ ಹಣ ಅಲ್ಲಿ ಶಿಕ್ಷಕರ ಕೈಗೆ, ತಲೆಗೆ ಹೋಗಿತ್ತು, ಕಪಾಟಿಗಲ್ಲ.

ಫಲಿತಾಂಶದಲ್ಲಿ ಕಾಣದವರು

ಎಸ್ಸೆಸ್ಸೆಲ್ಸಿ ಬಗ್ಗೆ ಮಾತಾಡಿದರೆ ನಮ್ಮ ಕಡೆಯವರಿಗೆ ಸ್ವಲ್ಪ ಜಂಬ. 2025ರಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ರಾಜ್ಯಕ್ಕೆ ಮೊದಲು; ಕೊಡಗೂ ರಾಜ್ಯದ ಸರಾಸರಿಗಿಂತ ಮೇಲೆ. ರಾಜ್ಯದ ಲೆಕ್ಕ ಬೇರೆ: 2023ರಲ್ಲಿ ಶೇ 83.89 ಇದ್ದದ್ದು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಕ್ಯಾಮೆರಾ ಇಟ್ಟ ಮೇಲೆ ಗೊತ್ತಾದದ್ದು, ಹತ್ತನೇ ಕ್ಲಾಸಿಗೆ ಬಂದ ಎಷ್ಟೋ ಮಕ್ಕಳು ಹತ್ತನೇ ಕ್ಲಾಸಿನಲ್ಲಿಲ್ಲ ಅನ್ನುವುದು.

ಶೇ 91ರ ಜಿಲ್ಲೆಯಲ್ಲೂ ಒಂದು ಲೆಕ್ಕ ತಪ್ಪಿಹೋಗುತ್ತದೆ. ಶೇಕಡಾವಾರು ತೆಗೆಯುವುದು ಪರೀಕ್ಷೆ ಬರೆದವರದ್ದು. ಎಂಟರಲ್ಲೋ ಒಂಬತ್ತರಲ್ಲೋ ಮೆಲ್ಲಗೆ ಬರುವುದು ನಿಲ್ಲಿಸಿ, ಅಡಿಕೆ ಸುಲಿಯಲು, ರಬ್ಬರ್ ಟ್ಯಾಪಿಂಗಿಗೆ, ಗ್ಯಾರೇಜಿಗೆ ಹೋದವನು ಅಲ್ಲಿ ಇಲ್ಲ. ಅವನಿಗೆ ಗೈಡು ಕೊಟ್ಟು ಏನು ಮಾಡುವುದು? ಓದಲು ಬಂದರೆ ತಾನೇ ಗೈಡು.

ಅವನು ಎಲ್ಲಿದ್ದಾನೆ ಅಂತ ತಿಳಿಯಲು ದೊಡ್ಡ ವ್ಯವಸ್ಥೆ ಬೇಡ. 2005ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆಯವರ ವಿಧಾನ ಒಂದೇ ಹಾಳೆಯದ್ದು: ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಕಥೆ. ಒಬ್ಬೊಬ್ಬರನ್ನೇ ಕೂರಿಸಿ ಓದಿಸಿದರೆ ಕೆಲವೇ ನಿಮಿಷ. ಹದಿನಾಲ್ಕು ವರ್ಷದವನನ್ನು ಎಲ್ಲರೆದುರು 'ಪದ'ದಲ್ಲಿ ನಿಲ್ಲಿಸಬಾರದು, ಅಷ್ಟೇ. ಅವನಿಗೆ ಕಾಗೆ–ಗುಬ್ಬಿ ಕಥೆ ಕೊಟ್ಟರೆ ಅವಮಾನ. ಬೈಕಿನ ಸರ್ವಿಸ್ ಪುಸ್ತಕ, ಕ್ರಿಕೆಟ್ ಸುದ್ದಿ, ಕಬಡ್ಡಿ ಪಂದ್ಯಾಟದ ಕರಪತ್ರ ಕೊಟ್ಟರೆ ಓದುತ್ತಾನೆ. ಇದನ್ನು ಗೊತ್ತು ಮಾಡಿಕೊಳ್ಳಲು ಅವನ ಊರಿನವರೇ ಬೇಕು.

ಕಂಪನಿಯ ಹಣ, ಕಾನೂನಿನ ಮಾತು

"ಸಿಎಸ್ಆರ್ ಹಣದಲ್ಲಿ ಸಂಬಳ ಕೊಡಲಿಕ್ಕೆ ಆಗುವುದಿಲ್ಲ, ವಸ್ತು ಮಾತ್ರ" ಅಂತ ಕಚೇರಿಗಳಲ್ಲಿ ಹೇಳುವುದನ್ನು ನೀವೂ ಕೇಳಿರಬಹುದು. 2013ರ ಕಂಪನಿ ಕಾಯ್ದೆ ಹಾಗೆ ಹೇಳುವುದಿಲ್ಲ. ನಿರ್ದಿಷ್ಟ ಗಾತ್ರದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ ಅದರಲ್ಲಿ ಶೇ 5ರ ಮಿತಿ. ಯೋಜನೆಯನ್ನು ನೇರವಾಗಿ ನಡೆಸುವ ಖರ್ಚು ಆ ಮಿತಿಯೊಳಗೆ ಬರುವುದಿಲ್ಲ. ಮಕ್ಕಳಿಗೆ ಕಲಿಸುವವರ ಸಂಬಳ ಅಂಥ ಖರ್ಚೇ.

ನಿಜವಾದ ತೊಡಕು ಬೇರೆ ಎರಡು. ಕಂಪನಿ ತಾನಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎನ್ನುತ್ತದೆ ಕಾಯ್ದೆ. ಹಾಗಾಗಿ ಹಣ ಬೆಂಗಳೂರಿನ ಸುತ್ತವೇ ಸುತ್ತುತ್ತದೆ, ಸಂಪಾಜೆಯಂಥ ಗಡಿ ಊರು ಯಾವ ನಗರದ ನೆರಳಿಗೂ ಬರುವುದಿಲ್ಲ. ಎರಡನೆಯದು, 'ಮುಂದುವರಿಯುವ ಯೋಜನೆ'ಗೂ ಶುರುವಾದ ವರ್ಷ ಬಿಟ್ಟು ಮೂರು ವರ್ಷದ ಮಿತಿ. ಅಂಗನವಾಡಿಯಿಂದ ಹತ್ತನೇ ಕ್ಲಾಸಿಗೆ ಮಗುವಿಗೆ ಬೇಕಾದದ್ದು ಹನ್ನೆರಡು ವರ್ಷ. ಟಿವಿ ಕೊಡುವುದು ಯಾಕೆ ಸುಲಭ ಅಂತ ಈಗ ತಿಳಿಯಿತಲ್ಲ? ಅದು ಒಂದು ದಿನದಲ್ಲಿ ಮುಗಿಯುತ್ತದೆ.

ಅಮೆರಿಕದ ಸಿನ್ಸಿನಾಟಿಯಲ್ಲಿ 2006ರಲ್ಲಿ ಶಾಲೆಗಳು, ಕಾಲೇಜು, ಕಂಪನಿಗಳು, ದತ್ತಿಸಂಸ್ಥೆಗಳು ಒಂದೇ ಮೇಜಿಗೆ ಬಂದಾಗ ಮೊದಲು ಮಾಡಿದ್ದು ಹೊಸ ಯೋಜನೆ ಅಲ್ಲ, ಒಂದೇ ಲೆಕ್ಕಪುಸ್ತಕ: ಶಾಲೆಗೆ ಸೇರುವಾಗ ಮಗು ತಯಾರಿದೆಯೇ, ನಾಲ್ಕನೇ ಕ್ಲಾಸಿನಲ್ಲಿ ಓದುತ್ತದೆಯೇ, ಎಂಟರಲ್ಲಿ ಗಣಿತ ಬರುತ್ತದೆಯೇ. ತೊಟ್ಟಿಲಿನಿಂದ ಕೆಲಸದವರೆಗೆ ಒಂದೇ ಸಾಲು. ಹತ್ತು ವರ್ಷದ ಮೇಲೆ, 2016ರಲ್ಲಿ, ಆ ನಗರದ ಮತದಾರರು ಶಾಲೆಗಳಿಗೆ ಮತ್ತು ಶಾಲಾಪೂರ್ವ ಶಿಕ್ಷಣಕ್ಕೆ ಹೆಚ್ಚುವರಿ ತೆರಿಗೆಯನ್ನೇ ಒಪ್ಪಿದರು. ನಮ್ಮ ಪಂಚಾಯಿತಿಗೆ ಆ ದುಡ್ಡಿಲ್ಲ. ಲೆಕ್ಕಪುಸ್ತಕಕ್ಕೆ ದುಡ್ಡು ಬೇಡ.

ನಮ್ಮ ಗುಂಪಿನ ಜಗಳ

ಇಷ್ಟೆಲ್ಲ ಬರೆಯಲು ಕಾರಣ ನಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು. ತಿಂಗಳಿಗೆ ತಲಾ 500 ರೂಪಾಯಿ ಕೊಡುತ್ತೇವೆ ಅಂತ 40 ಜನ ಒಪ್ಪಿದ್ದಾರೆ. ತಿಂಗಳಿಗೆ 20,000. ಒಂದು ಬಣಕ್ಕೆ ಶಾಲೆಗೆ ಸ್ಮಾರ್ಟ್ ಟಿವಿ ಕೊಡುವ ಆಸೆ. "ಟಿವಿ ಮೇಲೆ ನಮ್ಮ ಬ್ಯಾಚಿನ ಹೆಸರು ಇರ್ತದೆ" ಅನ್ನುವುದು ಅವರ ವಾದ, ಆಸೆ ತಪ್ಪಲ್ಲ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ಊರಿನಲ್ಲಿ ಅದು ಹೆಸರಿನ ಬೋರ್ಡಾಗಿಯೇ ಉಳಿಯುತ್ತದೆ ಅನ್ನುವುದು ನನ್ನ ವಾದ.

ನಾನು ಇಟ್ಟ ಲೆಕ್ಕ ಇದು. ಪಿಯುಸಿ ಅಥವಾ ಡಿಗ್ರಿ ಮುಗಿಸಿ ಊರಿನಲ್ಲೇ ಇರುವ ಇಬ್ಬರು ಹುಡುಗಿಯರು. ಒಬ್ಬಳು ಬೆಳಗ್ಗೆ ಮೂರು ಗಂಟೆ ಅಂಗನವಾಡಿಯಲ್ಲಿ ಟೀಚರ ಜೊತೆ. ಕಥೆ, ಮಾತು, ಹಾಡು ಬಿಟ್ಟು ಬೇರೆ ಕೆಲಸ ಇಲ್ಲ, ರಿಜಿಸ್ಟರ್ ಮುಟ್ಟಬಾರದು. ಇನ್ನೊಬ್ಬಳು ಶಾಲೆ ಬಿಟ್ಟ ಮೇಲೆ ಎರಡು ಗಂಟೆ, ಆರರಿಂದ ಒಂಬತ್ತನೇ ಕ್ಲಾಸಿನ, ಓದಲು ಕಷ್ಟಪಡುವವರ ಜೊತೆ. ತಲಾ 8,000. ಉಳಿದ 4,000 ಪುಸ್ತಕ, ಅವಲಕ್ಕಿ, ಚಾ. ಇದನ್ನು 'ಸೇವೆ' ಅಂತ ಕರೆದು ಅರ್ಧಕ್ಕೆ ಇಳಿಸೋಣ ಅಂತ ಒಬ್ಬರು ಹೇಳಿದರು. ಗೌರವಧನದ ಕಥೆ ಒಂದು ಸಾಕು, ಎರಡನೆಯದು ನಾವು ಶುರು ಮಾಡುವುದು ಬೇಡ ಅಂದೆ.

"ಎರಡು ವರ್ಷ ಕೊಟ್ಟು ನಿಲ್ಲಿಸಿದರೆ?" ಅಂತ ಇನ್ನೊಬ್ಬರ ಪ್ರಶ್ನೆ. ಸರಿಯಾದ ಪ್ರಶ್ನೆ. ಮುಂಬೈಯಲ್ಲಿ ಕರಗಿದ್ದು ನೋಡಿದೆವಲ್ಲ. ಅದಕ್ಕೆ ನನ್ನ ಹತ್ತಿರ ಇರುವ ಉತ್ತರ ಒಂದೇ: ಮೊದಲ ಆರು ತಿಂಗಳು ಯಾರನ್ನೂ ನೇಮಿಸದೆ ಹಣ ಕೂಡಿಸಿ ಇಡುವುದು. 1,20,000 ಕೈಯಲ್ಲಿದ್ದರೆ ಹತ್ತು ಜನ ಕೆಲಸ ಬಿಟ್ಟು ಕೊಡುವುದು ನಿಲ್ಲಿಸಿದರೂ ಎರಡು ವರ್ಷ ನಡೆಯುತ್ತದೆ.

ನಿಮ್ಮೂರಿನಲ್ಲಿ ಮಾಡುವುದಿದ್ದರೆ ಒಂದು ಮಾತು. ಅಂಗನವಾಡಿಗೆ ನೇರ ಹೋಗಿ ಯಾರನ್ನೂ ಕೂರಿಸಲು ಆಗುವುದಿಲ್ಲ, ಆಗಲೂಬಾರದು. ಮಕ್ಕಳ ವಿಷಯ. ಬಾಲವಿಕಾಸ ಸಮಿತಿಯಲ್ಲಿ ಮಾತಾಡಿ, ಸಿಡಿಪಿಒ ಕಚೇರಿಯ ಒಪ್ಪಿಗೆ ತೆಗೆದುಕೊಳ್ಳಿ. ಶಾಲೆಗಾದರೆ ಎಸ್‌ಡಿಎಂಸಿ ನಿರ್ಣಯ, ಬಿಇಒ ಒಪ್ಪಿಗೆ. ಬರುವವರ ಪೊಲೀಸ್ ಪರಿಶೀಲನೆ ಆಗಲಿ. ಎಲ್ಲಕ್ಕಿಂತ ಮೊದಲು ಟೀಚರನ್ನು ಕೇಳಿ. ಅವರಿಗೆ ಬೇಡವಾದರೆ ಯಾವ ಕಾಗದವೂ ನಡೆಯುವುದಿಲ್ಲ.

ಈಗ ಗುಂಪಿನಲ್ಲಿ ಉಳಿದಿರುವುದು ಗೆರೆಯ ಜಗಳ. ಕೊಡಗಿನ ಸಂಪಾಜೆಗೋ, ಸುಳ್ಯದ ಸಂಪಾಜೆಗೋ? ನಾವು 40 ಜನರಲ್ಲಿ ಎರಡೂ ಕಡೆಯವರಿದ್ದೇವೆ, ಮಕ್ಕಳೂ ಆಚೆಯಿಂದ ಈಚೆ ನಡೆದೇ ಬರುತ್ತಾರೆ. ಬೆಳಗಿನವಳು ಒಂದು ಕಡೆ, ಸಂಜೆಯವಳು ಇನ್ನೊಂದು ಕಡೆ ಅನ್ನುವಲ್ಲಿಗೆ ಮಾತು ಬಂದು ನಿಂತಿದೆ. ಎರಡು ಕಚೇರಿ, ಎರಡು ಅರ್ಜಿ. ಅಂಗನವಾಡಿಯದ್ದು ಮಡಿಕೇರಿಗೆ, ಶಾಲೆಯದ್ದು ಸುಳ್ಯಕ್ಕೆ. ಬರೆದು ಗುಂಪಿಗೆ ಹಾಕಿದ್ದೇನೆ, ಹನ್ನೊಂದು ಜನ ನೋಡಿದ್ದಾರೆ.